ಹನುಮವ್ವನ ಕೈ ಕಟ್ಟಿದ ದಿನ

ಹತ್ತಿ ಹರಿದು ಉಂಡೆ ಮಾಡಿದ್ದು. ಕತ್ತರಿ, ಚಿಮುಟಗಳನ್ನು ಸೀಮೆಎಣ್ಣೆ ಸ್ಟೌವ್ ಮೇಲೆ ಇಪ್ಪತ್ತು ನಿಮಿಷ ಕುದಿಸಿದ್ದು. ಬೆಡ್‌ಪ್ಯಾನ್ ತೊಳೆಸಿದ್ದು. ಹನ್ನೊಂದು ಹೆಂಗಸರಿಗೆ ಗಂಜಿ ಕುಡಿಸಿದ್ದು. ಜಗಳೂರಿಗೆ ಒಂದು ಕಾರ್ಡು ಬರೆದದ್ದು. ಹನುಮವ್ವನ ಎರಡೂ ಕೈಗಳನ್ನು ಬೆಂಚಿನ ಕಾಲಿಗೆ ಕಟ್ಟಿದ್ದು. ಆ ದಿನ ಮಧ್ಯಾಹ್ನದೊಳಗೆ ನಾನು ಮಾಡಿದ ಕೆಲಸಗಳು ಇವು.

ಅದು 1979ರ ಜನವರಿ. ನಾನು ಚನ್ನಗಿರಿಯಲ್ಲಿ ನರ್ಸ್ ಆಗಿದ್ದೆ. ಹೊನ್ನಾಳಿಯಲ್ಲಿ ನಡೆದ ಕಣ್ಣಿನ ಕ್ಯಾಂಪಿಗೆ ಹತ್ತು ದಿನದ ಮಟ್ಟಿಗೆ ನನ್ನನ್ನು ಕಳಿಸಿದ್ದರು. ಶಾಲೆಯ ಎರಡು ಕೋಣೆ ಖಾಲಿ ಮಾಡಿಸಿ, ಬೆಂಚುಗಳನ್ನು ಜೋಡಿಸಿ ಹಾಸಿಗೆ ಮಾಡಿದ್ದೆವು. ಆಗಿನ ಕ್ಯಾಟರ್ಯಾಕ್ಟ್ ಆಪರೇಷನ್ ಈಗಿನಷ್ಟು ಸಲೀಸಲ್ಲ. ಪೊರೆ ಬಂದ ಮಸೂರವನ್ನು ಇಡಿಯಾಗಿ ತೆಗೆದು, ಕೂದಲೆಳೆಯಂಥ ದಾರದಿಂದ ಕಣ್ಣಿಗೆ ಹೊಲಿಗೆ ಹಾಕುತ್ತಿದ್ದರು. ಒಂದು ಕಣ್ಣು ಹೊರಳಿದರೆ ಇನ್ನೊಂದೂ ಹೊರಳುತ್ತದೆ ಎಂದು ಎರಡಕ್ಕೂ ಪಟ್ಟಿ. ತಲೆಯ ಎರಡೂ ಬದಿಗೆ ಮರಳಿನ ಚೀಲ. ಕೆಮ್ಮುವಂತಿಲ್ಲ, ಅಗಿಯುವಂತಿಲ್ಲ, ಮಗ್ಗುಲಾಗುವಂತಿಲ್ಲ, ಪಟ್ಟಿ ಮುಟ್ಟುವಂತಿಲ್ಲ.

ಹನುಮವ್ವ ಸಾಸ್ವೆಹಳ್ಳಿಯವರು, ಅರವತ್ತರ ಆಸುಪಾಸು. ಊರವರಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದರು. ಯಾರೋ ಸೊಪ್ಪಿನ ರಸ ಹಿಂಡಿ ಅವರ ಎಡಗಣ್ಣು ಎಂದೋ ಹೋಗಿತ್ತು. ಉಳಿದದ್ದು ಬಲಗಣ್ಣೊಂದೇ. ಅದರ ಹೊಲಿಗೆ ಬಿಚ್ಚಿದರೆ ಮುಂದೆ ಬೆಳಕೇ ಇಲ್ಲ. ಆದರೂ ಆಪರೇಷನ್ ಆದ ಗಳಿಗೆಯಿಂದ ಅವರ ಕೈ ಪಟ್ಟಿಯ ಕಡೆಗೇ ಏಳುತ್ತಿತ್ತು. ಹೇಳಿ ನೋಡಿದೆ, ಗದರಿಸಿ ನೋಡಿದೆ. ಕೊನೆಗೆ ಆಗಿನ ರೂಢಿಯಂತೆ, ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯಿಂದ ಕಟ್ಟಿದೆ. ಕಟ್ಟಿದ ಮೇಲೂ ಬೆರಳುಗಳು ಬೆಂಚಿನ ಅಂಚನ್ನು ಗೀರುತ್ತಲೇ ಇದ್ದವು.

ಪಕ್ಕದಲ್ಲಿ ಮಲಗಿದ್ದವರು ನ್ಯಾಮತಿಯ ಬಸಮ್ಮ. ಅವರಿಗೂ ಕಣ್ಣುಪಟ್ಟಿ. "ಅಕ್ಕ, ನೀ ಮಿಸುಕಾಡಿದ್ರೆ ನನ್ನ ಬೆಂಚೂ ಅಲ್ಲಾಡ್ತೈತೆ. ಎತ್ತಿನ ಗಾಡಿಯಾಗೆ ಮಲಗಿದಂಗೆ ಆಗೈತೆ," ಎಂದರು.

"ಹಂಗಾರೆ ನ್ಯಾಮತಿ ಬಂದ ತಕ್ಷಣ ಇಳ್ಕೊ," ಎಂದರು ಹನುಮವ್ವ.

ಕೋಣೆಯವರೆಲ್ಲ ನಗಲು ಹೋದರು. ನಕ್ಕರೆ ಹೊಲಿಗೆ ಹರಿದೀತೆಂದು ನಾನು ಎಲ್ಲರನ್ನೂ ಸುಮ್ಮನಾಗಿಸಿ, ಹನುಮವ್ವನ ಪಕ್ಕ ಕುಳಿತೆ.

"ಅಜ್ಜಿ, ಕೈ ಯಾಕೆ ಸುಮ್ಮನಿರೋದಿಲ್ಲ? ನೋವಾ?"

"ನೋವಿಲ್ಲವ್ವ. ಈ ಕತ್ತಲಾಗೆ ನಾ ಎಲ್ಲಿದೀನಿ ಅಂತ ತಿಳಿಯಂಗಿಲ್ಲ. ಏನಾರ ಮುಟ್ಟಿದ್ರೆ ತಿಳೀತೈತೆ. ಇಲ್ಲಿ ಮುಟ್ಟಾಕೆ ಈ ಪಟ್ಟಿ ಬಿಟ್ರೆ ಏನೈತೆ?"

ಒಂದು ಕೈ ಬಿಚ್ಚಿ, ಮಡಿಸಿದ ಹೊಸ ಗಾಜ್ ಬಟ್ಟೆ ಕೊಟ್ಟೆ. ಹೊಲಿಯುವವರಿಗೆ ಬಟ್ಟೆ ಸಿಕ್ಕರೆ ಸಾಕೆಂದು ನನ್ನ ಎಣಿಕೆ. ಅವರು ಮೂಸಿ ಪಕ್ಕಕ್ಕಿಟ್ಟರು.

"ಯಾರ ಮೈಯನ್ನೂ ಕಾಣದ ಬಟ್ಟೆ ಇದು. ಇಂಥದನ್ನ ಕೌದಿಗೆ ಹಾಕಂಗಿಲ್ಲ."

ಕೌದಿಯೆಂದರೆ ಉಟ್ಟು ಸವೆದ ಬಟ್ಟೆಗಳನ್ನು ಪದರ ಹಾಕಿ ಹೊಲಿಯುವುದು ಎಂದು ನನಗೂ ಗೊತ್ತಿತ್ತು, ಹೊಳೆದಿರಲಿಲ್ಲ. ನನ್ನ ಟ್ರಂಕಿನಲ್ಲಿದ್ದ ಹಳೆಯ ನೀಲಿ ಸೀರೆಯ ಸೆರಗನ್ನು ಹರಿದು ತಂದೆ. ಹನುಮವ್ವ ಅದನ್ನು ಎದೆಯ ಮೇಲೆ ಹರಡಿ, ಅಂಗುಲ ಅಂಗುಲವಾಗಿ ಬೆರಳಾಡಿಸಿದರು. ಒಂದು ಮೂಲೆಗೆ ಬಂದಾಗ ಕೈ ನಿಂತಿತು.

"ಇಲ್ಲಿ ಎಳೆ ಎದ್ದೈತೆ. ಕೂಸು ಚೀಪ್ತಿತ್ತೇನವ್ವ?"

ನನ್ನ ನಾಲ್ಕು ವರ್ಷದ ಮಗಳು ಜಗಳೂರಿನಲ್ಲಿ ನನ್ನ ತಾಯಿಯ ಹತ್ತಿರ ಇದ್ದಳು. "ಹೂಂ" ಎಂದಷ್ಟೇ ಹೇಳಿ, ಇನ್ನೊಂದು ಕೈಯನ್ನೂ ಬಿಚ್ಚಿದೆ. ದಾರ ಪೋಣಿಸಿ ಸೂಜಿಯನ್ನೂ ಕೊಟ್ಟೆ. ಅವರು ತಲೆ ಅಲ್ಲಾಡಿಸದೆ, ಎದೆಯ ಮೇಲೆಯೇ ಹೊಲಿಯತೊಡಗಿದರು.

ಸಂಜೆ ರೌಂಡ್ಸಿಗೆ ಬಂದ ಡಾಕ್ಟರು ಬಾಗಿಲಲ್ಲೇ ನಿಂತರು. "ಸಿಸ್ಟರ್, ಕಣ್ಣು ಕಟ್ಟಿರೋ ಪೇಷಂಟಿಗೆ ಸೂಜಿ ಯಾರು ಕೊಟ್ಟಿದ್ದು?"

"ನಾನೇ ಸರ್."

"ಆಯಮ್ಮನಿಗಿರೋದು ಅದೊಂದೇ ಕಣ್ಣು."

"ಸೂಜಿ ಕೊಟ್ಟಾಗಿಂದ ಕೈ ಪಟ್ಟಿಗೆ ಹೋಗಿಲ್ಲ ಸರ್."

ಅವರು ಪಟ್ಟಿ ಬಿಡಿಸಿ, ಟಾರ್ಚ್ ಹಿಡಿದು ನೋಡಿದರು. ಕಣ್ಣಿನ ಹೊಲಿಗೆ ಗಟ್ಟಿಯಾಗಿತ್ತು. "ಸೂಜಿ ಅವರ ಕೈಯಲ್ಲಿರುವಷ್ಟು ಹೊತ್ತು ನೀವು ಪಕ್ಕದಲ್ಲಿ ಕೂತಿರಬೇಕು," ಎಂದು ಹೇಳಿ ಹೋದರು.

ಮುಂದಿನ ನಾಲ್ಕು ದಿನ ಹಾಗೆಯೇ ಕಳೆದೆ. ಎರಡು ಕೆಲಸದ ನಡುವೆ ಓಡಿಬಂದು ಕೂರುವುದು, ಎದ್ದು ಹೋಗುವಾಗ ಸೂಜಿ ಇಸಿದುಕೊಳ್ಳುವುದು. ಕುಳಿತಾಗಲೂ ನನ್ನ ಕಣ್ಣು ಬಟ್ಟೆಯ ಮೇಲಿರಲಿಲ್ಲ, ಅವರ ಪಟ್ಟಿಯ ಮೇಲಿತ್ತು. ರಾತ್ರಿಯೂ ಅರೆನಿದ್ದೆ, ಬೆಂಚು ಕಿರುಗುಟ್ಟಿದರೆ ಎದ್ದು ಕೂರುತ್ತಿದ್ದೆ.

ಐದನೆಯ ದಿನ ಡಾಕ್ಟರು ಪಟ್ಟಿ ತೆಗೆದು, ದಪ್ಪ ಗಾಜಿನ ತಾತ್ಕಾಲಿಕ ಕನ್ನಡಕ ಹಾಕಿ, ಕೈ ಎತ್ತಿದರು. "ಎಷ್ಟು ಬೆರಳು?"

ಹನುಮವ್ವ ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ಮೂರು. ನಡುಬೆರಳಿಗೆ ಶಾಯಿ ಹತ್ತೈತೆ, ತೊಳ್ಕೊಳ್ರಿ."

ಡಾಕ್ಟರು ಬೆರಳು ನೋಡಿಕೊಂಡು ನಕ್ಕುಬಿಟ್ಟರು. ಹನುಮವ್ವ ತಮ್ಮ ಹೊಲಿಗೆಯನ್ನು ಮುಖದ ಹತ್ತಿರ ಹಿಡಿದರು. "ನೀಲಿ ಅಂದ್ರೆ ಹಿಂಗಿರ್ತಿತ್ತಾ? ಮರ್ತೇ ಹೋಗಿತ್ತು ನೋಡು," ಎಂದರು. ಆಮೇಲೆ ಒಂದು ಕಡೆ ಬೆರಳಿಟ್ಟು, "ಇಲ್ಲೊಂದು ಸೊಟ್ಟ ಬಿದ್ದೈತೆ. ಡಾಕ್ಟ್ರು ನಿನ್ನ ಬೈದಾಗ ಹಾಕಿದ್ದು," ಎಂದರು.

ಅಲ್ಲಿಂದ ಮುಂದೆ ಯಾವ ವಾರ್ಡಿನಲ್ಲಿ ದುಡಿದರೂ, ಚಡಪಡಿಸುವ ರೋಗಿಗೆ ಸುಮ್ಮನಿರಿ ಎನ್ನುವ ಮೊದಲು, ಮನೆಯಲ್ಲಿ ನಿಮ್ಮ ಕೈ ಏನು ಮಾಡುತ್ತಿತ್ತು ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಈ ಕೆಲಸ ನನಗೆ ಕಲಿಸಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಅಂದು ಸಂಜೆ ಬಸಮ್ಮನ ಮನೆಯವರು ರಾಗಿಮುದ್ದೆ, ಅವರೆಕಾಳಿನ ಸಾರು ತಂದಿದ್ದರು. ಮುದ್ದೆ ಅಗಿಯಬೇಕಿಲ್ಲವೆಂದು ಡಾಕ್ಟರು ಒಪ್ಪಿದರು. ಕಾಳು ಮಾತ್ರ ನನ್ನ ತಟ್ಟೆಗೆ ಬಂತು. ಉಂಡು, ಬೆಂಚಿಗೆ ಒರಗಿದ್ದಷ್ಟೇ ನೆನಪು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು. ಹನುಮವ್ವ ಕನ್ನಡಕ ತೆಗೆಯಲು ಒಪ್ಪದೆ, ಲಾಟೀನನ್ನೇ ನೋಡುತ್ತಾ ಬಹಳ ಹೊತ್ತು ಎದ್ದಿದ್ದರಂತೆ.