ಅಂಕಿಯ ಮೇಲೊಂದು ಏಲಕ್ಕಿ

ಮಕ್ಕಳ ಲೆಕ್ಕದ ಪುಸ್ತಕ ಕೈಗೆ ಬಂದರೆ ರಂಗಮ್ಮತ್ತೆ ಮೊದಲು ಮಾಡುತ್ತಿದ್ದ ಕೆಲಸ ಅಂಕಿಗಳನ್ನು ಮುಚ್ಚುವುದು. ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲದಿಂದ ನಾಲ್ಕೈದು ಏಲಕ್ಕಿ ತೆಗೆದು, ಪುಟದಲ್ಲಿ ಎಲ್ಲೆಲ್ಲಿ ಅಂಕಿ ಇದೆಯೋ ಅಲ್ಲೆಲ್ಲ ಒಂದೊಂದು ಕಾಯಿ ಇಡುತ್ತಿದ್ದರು. ಆಮೇಲೆ ಪುಸ್ತಕವನ್ನು ಅಲುಗದ ಹಾಗೆ ಮಗುವಿನ ಮುಂದೆ ಸರಿಸಿ, "ಹ್ಞೂ, ಈಗ ಓದು" ಅನ್ನುವರು. ಮಕ್ಕಳು ಅಂಕಿ ಬರಬೇಕಾದ ಕಡೆಯೆಲ್ಲ ಏಲಕ್ಕಿ ಅಂತಲೇ ಓದುತ್ತಿದ್ದವು. "ಮಾಲಾಳ ಹತ್ತಿರ ಏಲಕ್ಕಿ ಸೀಬೆಹಣ್ಣು ಇದೆ" ಅಂತ ಓದಿ, ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಗುತ್ತಿದ್ದವು.

ಅತ್ತೆ ಅಂದರೆ ರಕ್ತಸಂಬಂಧ ಏನಿಲ್ಲ. ತಮಿಳುನಾಡಿನ ಬೋಡಿನಾಯಕನೂರಿನಲ್ಲಿ ನಮ್ಮ ಪಕ್ಕದ ಮನೆಯವರು, ನಮ್ಮ ಹಾಗೇ ಮನೆಯೊಳಗೆ ಕನ್ನಡ ಆಡುವವರು, ಅಷ್ಟೇ. ವಯಸ್ಸಿದ್ದಾಗ ದಿನಾ ಬೆಳಿಗ್ಗೆ ಜೀಪಿನಲ್ಲಿ ಬೋಡಿಮೆಟ್ಟು ಘಾಟಿ ಹತ್ತಿ ಎಸ್ಟೇಟುಗಳಲ್ಲಿ ಏಲಕ್ಕಿ ಬಿಡಿಸುತ್ತಿದ್ದರು. ಮಂಡಿ ನೋವು ಬಂದ ಮೇಲೆ ಕೆಳಗೆ ಊರಿನ ಗೋಡೌನಿನಲ್ಲಿ ಮೊರದ ಮುಂದೆ ಕೂತು ಕಾಯಿ ಆರಿಸಿದರು. ಆ ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ನಮ್ಮ ಮನೆಗೆ ಬಂದರೆ ಅವರೆಕಾಯಿ ಆರಿಸುವರು, ಅಕ್ಕಿ ಆರಿಸುವರು, ಏನೂ ಸಿಗದಿದ್ದರೆ ನನ್ನ ಮಗಳ ಬಣ್ಣದ ಕಡ್ಡಿಗಳನ್ನು ಉದ್ದಕ್ಕೆ ತಕ್ಕ ಹಾಗೆ ಸಾಲಾಗಿ ಜೋಡಿಸಿ ಎದ್ದು ಹೋಗುವರು. ಅಕ್ಷರ ಒಂದೂ ಬಾರದು. ಅಂಕಿ ಮಾತ್ರ ಮೂಟೆಯ ಮೇಲೆ, ಬಸ್ಸಿನ ಹಣೆಯ ಮೇಲೆ ನೋಡಿ ನೋಡಿ ಕಲಿತದ್ದು.

ಇಂಥವರು ನನ್ನ ಮಗಳಿಗೆ ಲೆಕ್ಕದ ಗುರುವಾದದ್ದು ನನ್ನ ಕೋಪದಿಂದ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಯಾಳಿನಿ ಆಗ ನಾಲ್ಕನೇ ಕ್ಲಾಸು. ಕೂಡು ಅಂದರೆ ಕೂಡುವಳು, ಗುಣಿಸು ಅಂದರೆ ಗುಣಿಸುವಳು. ಆದರೆ ನಾಲ್ಕು ಸಾಲು ಕತೆ ಹೇಳಿ ಕೊನೆಗೆ "ಹಾಗಾದರೆ ಎಷ್ಟು?" ಅಂತ ಕೇಳುವ ಲೆಕ್ಕ ಬಂದರೆ ಮುಗಿಯಿತು. ಪುಟದಲ್ಲಿ ಕಂಡ ಅಂಕಿಗಳನ್ನೆಲ್ಲ ಹಿಡಿದು ಕೂಡಿಬಿಡುವಳು, ಇಲ್ಲವೇ ಗುಣಿಸಿಬಿಡುವಳು. ಲೆಕ್ಕದ ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆನೋವು. ಮೊದಲ ಸಲ ನಾಟಕ ಅಂದುಕೊಂಡೆ. ಎರಡನೇ ಸಲ ತಿಂದ ಇಡ್ಲಿಯನ್ನೆಲ್ಲ ಕಾರಿಕೊಂಡಳು. ಗಂಡ ದಿಂಡಿಗಲ್‌ನಲ್ಲಿ ಕೆಲಸ, ಭಾನುವಾರ ಬಂದರೆ ಬಂದರು. ನಾನು ಬಿ.ಕಾಂ. ಓದಿ ಏಲಕ್ಕಿ ವ್ಯಾಪಾರದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬರುವವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಇಷ್ಟು ಬರುವುದಿಲ್ಲವಾ ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಆ ದಿನದ ಲೆಕ್ಕ ಇದು. ಮಾಲಾಳ ಹತ್ತಿರ 15 ಸೀಬೆಹಣ್ಣು ಇದೆ. ಅದು ಸೆಲ್ವಿಯ ಹತ್ತಿರ ಇರುವುದಕ್ಕಿಂತ 6 ಹೆಚ್ಚು. ಸೆಲ್ವಿಯ ಹತ್ತಿರ ಎಷ್ಟಿದೆ? ಯಾಳಿನಿ ಇಪ್ಪತ್ತೊಂದು ಅಂತ ಬರೆದಳು. ಸರಿಯಾಗಿ ಓದು ಅಂದೆ. ಓದಿ ಮತ್ತೆ ಇಪ್ಪತ್ತೊಂದು ಬರೆದಳು. ಮೂರನೇ ಸಲ ನನ್ನ ಮುಖವನ್ನೇ ನೋಡುತ್ತ "ಗುಣಿಸಬೇಕಾ ಅಮ್ಮಾ?" ಅಂದಳು. ಕೈ ಹೇಗೆ ಮೇಲೆ ಹೋಯಿತೋ ಗೊತ್ತಿಲ್ಲ. ಕೆನ್ನೆಗೆ ಬಾರಿಸಿಬಿಟ್ಟೆ. "ಎನಕ್ಕು ತೆರಿಯಾದು! ನಂಗೆ ಬರಲ್ಲ! ನಾಳೆಯಿಂದ ಸ್ಕೂಲಿಗೇ ಹೋಗಲ್ಲ!" ಅಂತ ತಮಿಳು ಕನ್ನಡ ಎರಡೂ ಸೇರಿಸಿ ಕಿರುಚಿ, ಪುಸ್ತಕ ಎದೆಗೆ ಒತ್ತಿಕೊಂಡು ಓಡಿದಳು. ಹೋಗಿ ಕೂತದ್ದು ಪಕ್ಕದ ಮನೆಯ ಮೆಟ್ಟಿಲ ಮೇಲೆ.

ಹಿಂದೆಯೇ ಹೋದೆ. ರಂಗಮ್ಮತ್ತೆ ಬಾಗಿಲಲ್ಲೇ ನನ್ನನ್ನು ತಡೆದರು.

"ನಿಲ್ಲು ಸುಮತಿ ಅಲ್ಲೇ. ಮೂಗಿನ್ ತುದೀಲೇ ಕೋಪ ಮಡಿಕ್ಕಂಡು ಒಳಗ್ ಬರಬ್ಯಾಡ. ಮನೇಗ್ ಹೋಗಿ ನೀರ್ ಕುಡಿ."

ನಾನು ಮನೆಯೊಳಗೆ ಹೋಗಲಿಲ್ಲ, ಎರಡು ಮನೆಗಳ ನಡುವಿನ ಮೋಟುಗೋಡೆಯ ಈಚೆ ನಿಂತೆ. ಅವರು ಮಗುವಿನ ಕೆನ್ನೆ ನೋಡಿದರು. ಪುಸ್ತಕ ಇಸಿದುಕೊಂಡು ಹದಿನೈದರ ಮೇಲೊಂದು, ಆರರ ಮೇಲೊಂದು ಏಲಕ್ಕಿ ಇಟ್ಟರು.

"ಈ ಹಾಳಾದ್ ನಂಬರು ಕಂಡ ಕೂಡ್ಲೆ ಕೈ ತುರಿಸ್ತದೆ ಕಣವ್ವಾ, ಕೂಡ್ಲಾ ಕಳೀಲಾ ಅಂತ. ಈಗ ಓದು."

ಯಾಳಿನಿ ಬಿಕ್ಕುತ್ತಲೇ ಪುಸ್ತಕದ ತಮಿಳಿನಲ್ಲಿ ಓದಿದಳು.

"ಈಗ ನಮ್ ಮಾತಾಗೆ ಹೇಳು. ಯಾರ್ ಯಾರವ್ರೆ ಈ ಕತ್ಯಾಗೆ?"

"ಮಾಲಾ, ಸೆಲ್ವಿ."

"ಇಬ್ರೂ ಮಡ್ಲಾಗೆ ಹಣ್ ತುಂಬ್ಕಂಡವ್ರೆ. ಯಾರ್ ಮಡ್ಲು ಭಾರ?"

ಮಗು ಯೋಚನೆ ಮಾಡಿತು. "ಮಾಲಾ."

"ಅದ್ನ ಮರೀಬ್ಯಾಡ. ನೀನ್ ಏನ್ ಲೆಕ್ಕ ಮಾಡಿದ್ರೂ ಕೊನೇಗೆ ಮಾಲಾನ ಮಡ್ಲೇ ಭಾರ ಇರ್ಬೇಕು. ಈಗ ಕಾಯಿ ಎತ್ತು."

ಎತ್ತಿದಳು. ತನ್ನ ಇಪ್ಪತ್ತೊಂದನ್ನು ನೋಡಿದಳು. "ಅಯ್ಯೋ, ಸೆಲ್ವಿದೇ ಜಾಸ್ತಿ ಆಗೋಯ್ತು!" ಅಂದವಳೇ, ಯಾರೂ ಹೇಳದೆ ಅದನ್ನು ಹೊಡೆದುಹಾಕಿ ಒಂಬತ್ತು ಅಂತ ಬರೆದಳು. ರಂಗಮ್ಮತ್ತೆ ಆ ಎರಡು ಏಲಕ್ಕಿಯಲ್ಲಿ ಒಂದನ್ನು ಸುಲಿದು ಅವಳ ಬಾಯಿಗೆ ಹಾಕಿದರು. ಇನ್ನೊಂದನ್ನು ಗೋಡೆಯ ಮೇಲಿಂದ ನನಗೆ ಕೊಟ್ಟು, "ನೀನೂ ಜಗಿ, ಬಾಯಿ ಕಹಿ ಆಗಿರ್ತದೆ" ಅಂದರು. ಅಲ್ಲಿ ನಿಂತೇ ಅತ್ತುಬಿಟ್ಟೆ.

ಅಂದಿನಿಂದ ಸಂಜೆ ಆರಕ್ಕೆ ಯಾಳಿನಿ ಆ ಮೆಟ್ಟಿಲು ಸೇರುವಳು. ಬೀದಿಯಲ್ಲಿ ಹೆಚ್ಚಿನವು ಕನ್ನಡ ಮನೆಗಳೇ; ಇನ್ನೂ ಮೂರ್ನಾಲ್ಕು ಮಕ್ಕಳು ಬಂದು ಸೇರಿಕೊಂಡವು. ಅತ್ತೆ ಉತ್ತರ ಹೇಳಿಕೊಟ್ಟದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಎಷ್ಟೋ ಲೆಕ್ಕಗಳ ಉತ್ತರ ಅವರಿಗೇ ಗೊತ್ತಿರುತ್ತಿರಲಿಲ್ಲ. "ಕತೆ ಹೇಳು" ಅನ್ನುವರು. ಕತೆ ಸರಿ ಕಂಡರೆ ಕಾಯಿ ಎತ್ತಲು ಬಿಡುವರು. ಉತ್ತರ ಬಂದ ಮೇಲೆ ಮತ್ತೆ ಕತೆಯೊಳಗೆ ಹಾಕಿ ನೋಡಿಸುವರು. "ಅಜ್ಜನ ವಯಸ್ಸು ಒಂಬತ್ತು" ಅಂತ ಒಂದು ಹುಡುಗಿ ಹೇಳಿದಾಗ, "ಹಂಗಾರೆ ಅಜ್ಜನ್ನ ನಾಳೆ ನಿನ್ ಜೊತೆ ಸ್ಕೂಲಿಗ್ ಕರ್ಕಂಡ್ ಹೋಗು" ಅಂದು ಇಡೀ ಮೆಟ್ಟಿಲನ್ನೇ ನಗಿಸಿದ್ದರು.

ಒಂದು ಲೆಕ್ಕಕ್ಕೆ ಮಾತ್ರ ಅವರು ನಗಲಿಲ್ಲ. ಎಸ್ಟೇಟಿಗೆ 41 ಜನ ಹೆಂಗಸರು ಕೆಲಸಕ್ಕೆ ಹೋಗಬೇಕು, ಒಂದು ಜೀಪಿನಲ್ಲಿ 12 ಜನ ಕೂರಬಹುದು, ಎಷ್ಟು ಜೀಪು ಬೇಕು? ನಮ್ಮ ಊರಿನ ಟೀಚರ್ ನಮ್ಮ ಊರಿಗೆ ತಕ್ಕ ಹಾಗೆ ಮಾಡಿಕೊಟ್ಟ ಲೆಕ್ಕ. ಯಾಳಿನಿ ಪಟಪಟ ಭಾಗಿಸಿ, "ಮೂರು ಜೀಪು, ಐದು ಶೇಷ" ಅಂತ ಹೆಮ್ಮೆಯಿಂದ ಹೇಳಿದಳು. ಭಾಗಾಕಾರ ಸರಿಯಾಗಿತ್ತು.

"ಆ ಐದ್ ಜನ ಏನ್ ಮಾಡ್ಬೇಕು?" ಅಂತ ಕೇಳಿದರು ಅತ್ತೆ.

"ಅದು ಶೇಷ, ಅಜ್ಜಿ."

"ಶೇಷ ಗೀಷ ನಂಗೊತ್ತಿಲ್ಲ. ಅವ್ರು ಹೆಂಗಸ್ರು. ಊಟದ್ ಡಬ್ಬಿ ಹಿಡ್ಕಂಡ್ ನಿಂತವ್ರೆ."

ಆಮೇಲೆ ಹೇಳಿದರು. ಅವರಿಗೆ ಇಪ್ಪತ್ತು ವರ್ಷವಿದ್ದಾಗ ಒಂದು ದಿನ ಮೇಸ್ತ್ರಿ ಮೂರೇ ಜೀಪು ಹೇಳಿಬಿಟ್ಟಿದ್ದನಂತೆ. ತಳ್ಳಾಡಿ ಹತ್ತಿದವರು ಹತ್ತಿದರು, ಐದು ಜನ ಕೆಳಗೇ ಉಳಿದರು. "ಅದ್ರಾಗೆ ನಾನೊಬ್ಳು. ಇನ್ನೊಂದ್ ಜೀಪು ಬತ್ತದೆ ಬತ್ತದೆ ಅಂತ ಬಿಸ್ಲು ನೆತ್ತೀಗ್ ಬರೋಗಂಟ ನಿಂತಿದ್ದೆ. ಬರ್ಲೇ ಇಲ್ಲ. ಡಬ್ಬೀನ ಹಂಗೇ ವಾಪಸ್ ತಂದು ಮನ್ಯಾಗ್ ಕೂತು ಉಂಡೆ." ಯಾಳಿನಿ ಮೂರನ್ನು ಅಳಿಸಿ ನಾಲ್ಕು ಬರೆದಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕೊನೆಯ ಜೀಪಿನಲ್ಲಿ ಕಾಲು ಚಾಚಿ ಕೂರಬಹುದು" ಅಂತಲೂ ಬರೆದಳು. ಟೀಚರ್ ಅದರ ಕೆಳಗೆ ಎರಡು ಸರಿ ಗುರುತು ಹಾಕಿ ಕಳಿಸಿದ್ದರು.

ನನ್ನ ಬಿ.ಕಾಂ. ಮಣ್ಣುಪಾಲಾದದ್ದನ್ನೂ ಹೇಳಿಬಿಡಬೇಕು. ಒಂದು ಸಂಜೆ ನಾನೂ ಮೆಟ್ಟಿಲ ಮೇಲೆ ಕೂತಿದ್ದೆ. ದ್ರಾಕ್ಷಿ ಚಪ್ಪರಕ್ಕೆ ನೂರಡಿ ಉದ್ದದ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ಹತ್ತಡಿಗೊಂದು ಕಲ್ಲುಕಂಬ ನೆಡಬೇಕು, ಎಷ್ಟು ಕಂಬ ಬೇಕು ಅಂತ ಲೆಕ್ಕ. ಏಲಕ್ಕಿ ಇಡುವ ಮೊದಲೇ "ಹತ್ತು! ಇದಕ್ಕೇನು ಕತೆ?" ಅಂದುಬಿಟ್ಟೆ. ಯಾಳಿನಿ ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದಳು. ಕೊಂಬೈಯಲ್ಲಿ ನನ್ನ ಅಣ್ಣನ ದ್ರಾಕ್ಷಿ ತೋಟದಲ್ಲಿ ಕಂಬ ಕಂಬ ಮುಟ್ಟುತ್ತ ಓಡಾಡಿದ ಮಗು. "ಹನ್ನೊಂದು ಅಮ್ಮಾ. ಶುರುವಿನಲ್ಲೂ ಒಂದು ಬೇಕಲ್ಲಾ" ಅಂದಳು, ಹೆದರಿ ಹೆದರಿ.

"ನೋಡು ಸುಮತಿ, ನಿನ್ ಚಪ್ಪರ ಬಿದ್ದೋಯ್ತು!" ಅಂತ ರಂಗಮ್ಮತ್ತೆ ತೊಡೆ ತಟ್ಟಿ ನಕ್ಕರು. "ಈಗ ನಿನ್ ಕೆನ್ನೇಗ್ ಯಾರ್ ಬಾರಿಸ್ಬೇಕು?"

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೆನ್ನೆ ಮುಂದೆ ಚಾಚಿ "ಬಾರಿಸು" ಅಂದೆ. ಬಾರಿಸಲಿಲ್ಲ, ಮುತ್ತು ಕೊಟ್ಟಳು. "ಪರವಾಗಿಲ್ಲಮ್ಮಾ, ನೀನು ಕಾಯಿ ಇಡಲಿಲ್ಲ ಅದಕ್ಕೇ" ಅಂತ ನನಗೆ ಸಮಾಧಾನ ಹೇಳಿದಳು. ನಾನು ಕೈ ಎತ್ತಿದ ದಿನದಿಂದ ನಮ್ಮಿಬ್ಬರ ನಡುವೆ ಗಂಟಾಗಿದ್ದದ್ದು ಆಗಲೇ ಸಡಿಲವಾಯಿತು.

ಮುಂದಿನ ಲೆಕ್ಕದ ಪರೀಕ್ಷೆಯ ಬೆಳಿಗ್ಗೆ ನಾನೇ ಹೆದರಿ ಇಡ್ಲಿಯನ್ನು ಅವಳ ತಟ್ಟೆಗೆ ಒಂದೇ ಹಾಕಿದೆ. ಮೂರು ತಿಂದಳು. ಮುಷ್ಟಿಯಲ್ಲಿ ಒಂದು ಏಲಕ್ಕಿ ಹಿಡಿದು ಹೋದಳು. ಎರಡು ಲೆಕ್ಕ ತಪ್ಪಿತ್ತು, ಒಂದನ್ನು ಬರೆಯಲು ಹೊತ್ತು ಸಾಲಲಿಲ್ಲವಂತೆ. ಆದರೆ ಹೊಟ್ಟೆನೋವಿನ ಮಾತೇ ಇಲ್ಲ. ನಾನು ದೇವರಿಗೆ ಹಚ್ಚಬೇಕಾದ ದೀಪ ಹಚ್ಚಿ, ಪಕ್ಕದ ಮನೆಗೆ ಪಾಯಸ ತೆಗೆದುಕೊಂಡು ಹೋದೆ. ರಂಗಮ್ಮತ್ತೆ ಒಂದು ಚಮಚ ಬಾಯಿಗಿಟ್ಟು, "ಏಲಕ್ಕಿ ಸಾಲ್ದು" ಅಂದರು.

ಯಾಳಿನಿ ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಆಪರೇಷನ್ ಮಾಡಿಸೋಣ ಅಂದರೆ, "ಕಾಯಿ ಆರ್ಸಕ್ಕೆ ಬೆರಳ್ ಸಾಕು ಬುಡು" ಅನ್ನುವರು. ನಾನು ಅವರನ್ನು ಕೊನೆಯದಾಗಿ ಕಂಡ ಸಂಜೆ ಮೆಟ್ಟಿಲ ಮೇಲೆ ಮಕ್ಕಳ ಜೊತೆಗೇ ಕೂತಿದ್ದರು. ಪುಸ್ತಕ ತೊಡೆಯ ಮೇಲಿತ್ತು, ಅಂಕಿ ಕಾಣುತ್ತಿರಲಿಲ್ಲ. ಯಾಳಿನಿ ಅವರ ತೋರುಬೆರಳು ಹಿಡಿದು ಒಂದೊಂದು ಅಂಕಿಯ ಮೇಲೂ ಇಡುತ್ತಿದ್ದಳು. ಅವರು ಅಲ್ಲಿ ಏಲಕ್ಕಿ ಇಡುತ್ತಿದ್ದರು. "ಇನ್ನೇನೂ ಉಳ್ದಿಲ್ವಾ? ಚೆನ್ನಾಗ್ ನೋಡು" ಅಂತ ಎರಡೆರಡು ಸಲ ಕೇಳಿದರು. ಅದಾದ ಮೇಲೆ ನಾಲ್ಕು ದಿನ ನಾನು ಆಫೀಸಿನ ಕೆಲಸದ ಮೇಲೆ ಊರಲ್ಲಿರಲಿಲ್ಲ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿದ್ದೆಯಲ್ಲೇ ಹೋದರಂತೆ. ಇಷ್ಟು ಜನಕ್ಕೆ ಇಷ್ಟು ಮಾಡಿ, ಒಂದು ಲೋಟ ನೀರನ್ನೂ ಯಾರಿಂದಲೂ ಕೇಳಿ ಪಡೆಯದೆ ಹೋದರು. ನನಗೆ ಇವತ್ತಿಗೂ ಅದೇ ಸಂಕಟ.

ಅವರ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಮಕ್ಕಳು ನಮ್ಮ ಮೆಟ್ಟಿಲಿಗೆ ವರ್ಗವಾಗಿವೆ. ಯಾಳಿನಿ ನನ್ನ ಅಡುಗೆಮನೆಯ ಡಬ್ಬಿಯಿಂದಲೇ ಏಲಕ್ಕಿ ಒಯ್ಯುತ್ತಾಳೆ, ಒಯ್ದಷ್ಟು ವಾಪಸ್ ಬರುವುದಿಲ್ಲ. ಅವಳ ಹಳೆಯ ನಾಲ್ಕನೇ ಕ್ಲಾಸಿನ ಪುಸ್ತಕ ಇನ್ನೂ ಘಮ್ಮೆನ್ನುತ್ತದೆ. ಹೊಸ ಮಕ್ಕಳಿಗೆ ಅದರಲ್ಲೇ ಪಾಠ, ಟೀಚರ್ ಆಗ ಮಾಡಿಕೊಟ್ಟ ಲೆಕ್ಕಗಳೂ ಸೇರಿ.

ಮೊನ್ನೆ ಶನಿವಾರ ಸಂಜೆ ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಎದುರುಮನೆಯ ಪುಟ್ಟ ದೀಪಿಕಾ ಗಟ್ಟಿಯಾಗಿ ಹೇಳಿದ್ದು ಕೇಳಿಸಿತು: "ಮೂರು ಜೀಪು, ಐದು ಶೇಷ!"

ಸೌಟು ಹಿಡಿದು ಬಾಗಿಲಿಗೆ ಬಂದೆ. ನಮ್ಮ ಯಾಳಿನಿಗೆ ಮನೆಮಾತು ಪೂರಾ ಅರ್ಥವಾಗುತ್ತದೆ, ಆದರೆ ದೊಡ್ಡವಳಾಗುತ್ತ ಆಗುತ್ತ ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ತಮಿಳಿನಲ್ಲೇ ಉತ್ತರ ಕೊಡುವವಳಾಗಿದ್ದಾಳೆ. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ದೀಪಿಕಾಳ ನೋಟ್‌ಬುಕ್ಕಿನ ಮೇಲೆ ಬಾಗಿ, ರಂಗಮ್ಮತ್ತೆಯ ಅದೇ ಕನ್ನಡದಲ್ಲಿ, ಅದೇ ರಾಗದಲ್ಲಿ ಕೇಳಿದಳು:

"ಆ ಐದ್ ಜನ ಏನ್ ಮಾಡ್ಬೇಕು, ಹೇಳು? ಅದ್ರಾಗೆ ನಮ್ಮಜ್ಜಿ ಅವ್ಳೆ."

ದೀಪಿಕಾ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ರಬ್ಬರು ತೆಗೆದು ಮೂರನ್ನು ಅಳಿಸಿ, ನಾಲ್ಕು ಬರೆದಳು.