ಖಾಜಾಮಿಯಾ ಒರೆಸಿದ ಗಾಜು

ಆ ಫೋಟೋ ತೆಗೆದವನು ನಾನು. ಖಾಜಾಮಿಯಾ ಅಲ್ಲ. ಕಾಕಾ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದಾಗ, ಅವತ್ತು ನಾನು ನಿಲಂಗಾಕ್ಕೆ ಬಂದೇ ಇರಲಿಲ್ಲ ಎಂದು ಹೇಳಿದವನೂ ನಾನೇ.

ಇಷ್ಟು ಬರೆಯುವುದಕ್ಕೆ ವರ್ಷಗಳು ಹಿಡಿದವು. ಬರೆದು ನೋಡಿದರೆ ಮೂರೇ ವಾಕ್ಯ.

ಕಾಕಾ ಎಂದರೆ ಗುರುಲಿಂಗಪ್ಪ, ನನ್ನ ತಂದೆಯ ತಮ್ಮ. ಮರಾಠಿ ಸೀಮೆಯ ಗಡಿ ಊರು ನಿಲಂಗಾ, ಅದರ ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂಡುತ್ತಿದ್ದ ದರ್ಜಿ ಖಾಜಾಮಿಯಾ. ಒಳಗೆ ಬಟ್ಟೆ ಕೊಂಡವರು ಹೊರಗೆ ಅಳತೆ ಕೊಟ್ಟು ಹೋಗುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಅವರಿಬ್ಬರು ಹಾಗೆಯೇ ಇದ್ದವರು. ಮಧ್ಯಾಹ್ನ ಕಾಕಾ ಊಟಕ್ಕೆ ಮನೆಗೆ ಹೋಗುತ್ತಿದ್ದರು. ಮತ್ತೊಮ್ಮೆ ಲಿಂಗಪೂಜೆ ಮಾಡದೆ ಅನ್ನ ಮುಟ್ಟುವವರಲ್ಲ, ಹಾಗಾಗಿ ತಿರುಗಿ ಬರಲು ತಡವಾಗುತ್ತಿತ್ತು. ಅಷ್ಟು ಹೊತ್ತೂ ಅಂಗಡಿ ಖಾಜಾಮಿಯಾನ ವಶದಲ್ಲಿ. ದುಡ್ಡಿನ ಗಲ್ಲೆ, ಗಿರಾಕಿ, ಎಲ್ಲವೂ.

ಗಾದಿಯ ಹಿಂದಿನ ಗೋಡೆಗೆ ಮೂರು ಚಿತ್ರಗಳಿದ್ದವು. ಮೇಲೆ ಬಸವಣ್ಣ. ಕೆಳಗೆ ಎಡಕ್ಕೆ ತೀರಿಕೊಂಡ ಕಾಕಿ, ಬಲಕ್ಕೆ ದಿಲ್ಲಿಯ ನಾಯಕರು. ನಾಯಕರ ಚಿತ್ರವನ್ನು ಕಾಕಾ ಒಂದು ಕ್ಯಾಲೆಂಡರಿನಿಂದ ಕತ್ತರಿಸಿ, ಚೌಕಟ್ಟು ಹಾಕಿಸಿದ್ದರು. ನಮ್ಮ ಕಡೆ ಚಂದನದ ಹಾರ ಬೀಳುವುದು ತೀರಿಕೊಂಡವರ ಫೋಟೋಕ್ಕೆ ಮಾತ್ರ. ದೇವರಿಗೆ ಹೂವು, ಬದುಕಿರುವವರಿಗೆ ಬರೀ ಗಾಜು. ಕಾಕಿಯ ಫೋಟೋಕ್ಕೆ ಹಾರವಿತ್ತು. ಕಾಕಾನಿಗೆ ಮೊಣಕಾಲು ನೋವು, ಸ್ಟೂಲು ಹತ್ತಲಾಗದು. ಆದ್ದರಿಂದ ದಿನಾ ಬೆಳಿಗ್ಗೆ ಖಾಜಾಮಿಯಾ ಕತ್ತರಿಸಿ ಉಳಿದ ಬಟ್ಟೆಯ ತುಂಡೊಂದನ್ನು ತೊಯಿಸಿಕೊಂಡು ಮೂರೂ ಗಾಜುಗಳನ್ನು ಒರೆಸುತ್ತಿದ್ದ. ನಾಯಕರದನ್ನೂ. ಒರೆಸುತ್ತಲೇ ಅವರನ್ನು ಬೈಯುತ್ತಿದ್ದ.

"ಖಾಜಾ, ಇವತ್ತ ಇನ್ನಾ ಸಾಹೇಬರಿಗಿ ಬೈದಿಲ್ಲಲ್ಲೊ. ಮೈಯಾಗ ಆರಾಮ ಅದ ಇಲ್ಲ?" ಎಂದು ಕಾಕಾ ಕೆಣಕುವರು.

"ಸೋಯಾಬೀನ್ ಭಾವ ಎಷ್ಟ ಬಿದ್ದದ ಕೇಳಿ ಬಂದೀನ್ರಿ ಸಾವ್ಕಾರ. ಬಾಯಿ ಒಣಗ್ಯಾದ."

"ನಿನ ಮನಿಗಿ ಗ್ಯಾಸ್ ಯಾರ್ ಕೊಟ್ರು? ಅದು ಹೇಳು ಮೊದಲ."

"ಅವರೇ ಕೊಟ್ರು ನೋಡ್ರಿ. ಈಗ ನಮ್ಮಾಕಿ ಖಾಲಿ ಸಿಲಿಂಡರ್ ಮ್ಯಾಲ ಕುಂತು ಕಟ್ಟಗಿ ಒಲಿ ಊದ್ತಾಳ."

"ರಸ್ತಾ? ರಸ್ತಾ ಯಾರ್ ಮಾಡ್ಯಾರ?"

"ರಸ್ತಾ ಏಕ್‌ದಂ ಛಲೋ ಆಗ್ಯಾದ್ರಿ. ಅದಕ್ಕೇ ನಿಮ್ಮ ಗಿರಾಕಿ ಎಲ್ಲಾ ಲಾತೂರಿಗಿ ಹೋಗಿ ಅರಿವಿ ತರ್ತಾರ."

ಕಾಕಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಯಾವ ಸರಕಾರ ಬಂದ್ರೂ ನಿನ್ನ ನಾಲಿಗಿಗಿ ಹೊಲಿಗಿ ಹಾಕಂಗಿಲ್ಲ ಬಿಡು!" ಆಮೇಲೆ ಇಬ್ಬರೂ ಒಂದೇ ಸುದ್ದಿಪತ್ರಿಕೆಯನ್ನು ಎರಡು ಭಾಗ ಮಾಡಿಕೊಂಡು ಓದುವರು.

ನಾನು ಉಮರ್ಗಾದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ವಿಶ್ವವಿದ್ಯಾಲಯದಲ್ಲಿ ಓದುವಾಗ ಏನನ್ನೂ ನಂಬದಿರುವುದನ್ನು ಕಲಿತೆ, ಅದನ್ನೇ ಬುದ್ಧಿ ಎಂದುಕೊಂಡೆ. ವರ್ಚಸ್ಸು ಎನ್ನುವುದನ್ನು ಹೇಗೆ ತಯಾರಿಸುತ್ತಾರೆ, ಒಂದು ಯೋಜನೆಗಿಂತ ಆ ಯೋಜನೆಯ ಮೇಲಿನ ಮುಖ ಹೇಗೆ ದೊಡ್ಡದಾಗುತ್ತದೆ ಎಂದೆಲ್ಲ ಕಾಕಾನ ಅಂಗಡಿಯಲ್ಲಿ ಕೂತು ಪಾಠ ಹೇಳುತ್ತಿದ್ದೆ. ನನ್ನ ವಾದ ತಪ್ಪಾಗಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಹೇಳುವ ದನಿ ತಪ್ಪಾಗಿತ್ತು. ಒಮ್ಮೆ ನಾಲ್ಕು ಗಿರಾಕಿಗಳ ಮುಂದೆ ಕಾಕಾ ಅಂದರು:

"ತಮ್ಮಾ, ನೀ ಕಲತಾಂವ. ನಿನಗ ಎಲ್ಲಾ ಫೋಟೋದಾಗೂ ಮೋಸ ಕಾಣ್ತದ. ನನಗ ಮನಷ್ಯಾ ಕಾಣ್ತಾನ."

ಗಿರಾಕಿಗಳು ನಕ್ಕರು. ಖಾಜಾಮಿಯಾ ಕೂಡ ನಕ್ಕ — ನನ್ನ ಪಕ್ಷದವನು ಎಂದು ನಾನು ಅಂದುಕೊಂಡಿದ್ದ ಖಾಜಾಮಿಯಾ. ಆ ನಗು ನನ್ನೊಳಗೆ ಎಷ್ಟು ದಿನ ಕೂತಿತ್ತೋ… ಇದನ್ನು ಕಾರಣವೆಂದು ಹೇಳುತ್ತಿಲ್ಲ. ನಡೆದದ್ದು ಎಂದು ಹೇಳುತ್ತಿದ್ದೇನೆ.

ಆ ದಿನ ಕಾಲೇಜು ಬೇಗ ಬಿಟ್ಟಿತ್ತು. ಉಮರ್ಗಾದಿಂದ ಬಸ್ಸು ಹತ್ತಿ ಮಧ್ಯಾಹ್ನಕ್ಕೆ ನಿಲಂಗಾದಲ್ಲಿ ಇಳಿದೆ. ಕಾಕಾ ಊಟಕ್ಕೆ ಹೋಗಿದ್ದರು. ಬಿಸಿಲಿಗೆ ಪೇಟೆಯಲ್ಲಿ ಜನ ಇರಲಿಲ್ಲ.

"ಬರ್ರಿ ಸರ್, ಕೂಡ್ರಿ. ಚಹಾ ತರ್ತೀನಿ. ಸಕ್ರಿ ಕಮ್ಮಿ, ಹೌದಿಲ್ರಿ?" ಎಂದು ಖಾಜಾಮಿಯಾ ಎದ್ದು ರಸ್ತೆ ದಾಟಿ ಹೋದ. ಗಲ್ಲೆ ತೆರೆದೇ ಇತ್ತು. ನಾನಿದ್ದೆನಲ್ಲ, ಮನೆಯವನು.

ನಾನು ಸ್ಟೂಲು ಹತ್ತಿದೆ. ಕಾಕಿಯ ಫೋಟೋದಿಂದ ಚಂದನದ ಹಾರ ತೆಗೆದು ನಾಯಕರ ಫೋಟೋಕ್ಕೆ ಹಾಕಿದೆ. ಕೆಳಗಿಳಿದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದೆ. ಮತ್ತೆ ಹತ್ತಿ ಹಾರವನ್ನು ಕಾಕಿಗೆ ತಿರುಗಿ ಹಾಕಿದೆ. ಖಾಜಾಮಿಯಾ ಎರಡು ಕಪ್ಪು ಹಿಡಿದು ಬಂದಾಗ ನಾನು ಗಾದಿಯ ಮೇಲೆ ಸುಮ್ಮನೆ ಕೂತಿದ್ದೆ. ಚಹಾ ಕುಡಿದೆ. ಕಾಕಾ ಬರುವ ಮೊದಲೇ, ಕೆಲಸವಿದೆ ಎಂದು ಹೇಳಿ ಬಸ್ಸು ಹಿಡಿದೆ.

ಇಲ್ಲಿ ನನ್ನ ನೆನಪು ಜಾರುತ್ತದೆ. ಕೆಲವು ಸಲ ನನಗೆ, ನಾನು ಹೋದಾಗ ಹಾರ ಆಗಲೇ ನಾಯಕರ ಫೋಟೋದ ಮೇಲಿತ್ತು, ನಾನು ಬರೀ ಚಿತ್ರ ತೆಗೆದೆ ಎಂದೇ ನೆನಪಾಗುತ್ತದೆ. ಎಷ್ಟು ಸ್ಪಷ್ಟವಾಗಿ ಎಂದರೆ… ಆದರೆ ಬೆರಳಿಗೆ ಆ ಹಾರದ ನೆನಪಿದೆ. ಅದರ ಹಗುರ, ಧೂಳು, ವಾಸನೆಯೇ ಹೋಗಿದ್ದ ಚಂದನ. ಓದುವ ದಿನಗಳಲ್ಲಿ ಆ ಕಾಕಿಯ ಮನೆಯಲ್ಲಿ ಎರಡು ವರ್ಷ ಉಂಡವನು ನಾನು.

ಆ ಚಿತ್ರದ ಅಂಚು ಕತ್ತರಿಸಿ, ಸುಳ್ಳು ಹೆಸರಿನ ನನ್ನ ಒಂದು ಖಾತೆಯಿಂದ ಹಾಕಿದೆ. ಕೆಳಗೆ ಮರಾಠಿಯಲ್ಲಿ ಬರೆದೆ: ನಿಲಂಗಾದ ಅರಿವೆ ಅಂಗಡಿ — ಇದು ಭಕ್ತಿಯೋ, ಶ್ರದ್ಧಾಂಜಲಿಯೋ? ಬಹಳ ಚತುರ ಮಾತು ಎನ್ನಿಸಿತ್ತು.

ಎರಡೇ ದಿನದಲ್ಲಿ ಅದು ಎಲ್ಲರ ಮೊಬೈಲಿಗೂ ಹೋಯಿತು. ನಾಯಕರ ವಿರೋಧಿಗಳು, ನೋಡಿರಿ, ಪೇಟೆಯ ವ್ಯಾಪಾರಿಯೇ ಹಾರ ಹಾಕಿಬಿಟ್ಟ ಎಂದು ನಕ್ಕರು. ಅಭಿಮಾನಿಗಳು, ಬದುಕಿರುವವರಿಗೆ ಸತ್ತವರ ಹಾರ ಹಾಕಿದ ದ್ರೋಹಿ ಯಾರು ಎಂದು ಕೆರಳಿದರು. ಗೋಡೆಯ ಬಣ್ಣದಿಂದ ಅಂಗಡಿ ಯಾವುದೆಂದು ಯಾರೋ ಗುರುತಿಸಿದರು. ಅಭಿಮಾನಿಗಳಲ್ಲೇ ಹತ್ತಿಪ್ಪತ್ತು ಹುಡುಗರು ಬಂದು ಕಾಕಾನನ್ನು ಕಟ್ಟೆಯ ಮೇಲೆ ನಿಲ್ಲಿಸಿದರು. ಊರಿನಲ್ಲಿ ಆ ನಾಯಕರನ್ನು ಕಾಕಾನಿಗಿಂತ ಹೆಚ್ಚು ನಂಬಿದವರು ಇರಲಿಲ್ಲ — ಅವರು ಕೈ ಮುಗಿದು ತಪ್ಪಾಯಿತು ಎನ್ನಬೇಕಾಯಿತು. ಅದನ್ನೂ ಚಿತ್ರ ತೆಗೆದು ಹಂಚಿದರು. ವಿರೋಧಿಗಳು ಅದನ್ನೇ ತೆಗೆದುಕೊಂಡು, ನೋಡಿರಿ ದಬ್ಬಾಳಿಕೆ ಎಂದು ಮತ್ತೊಮ್ಮೆ ಹಂಚಿದರು. ಯಾರೂ ಕಾಕಾನನ್ನು ಒಂದು ಮಾತು ಕೇಳಲಿಲ್ಲ. ಈ ಫೋಟೋ ಇಟ್ಟುಕೊಳ್ಳುವ ಯೋಗ್ಯತೆ ನಿನಗಿಲ್ಲ ಎಂದು ಹುಡುಗರು ನಾಯಕರ ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು ಹೋದರು.

ಮರುದಿನ ಕಾಕಾ ನನ್ನನ್ನು ಕರೆಸಿದರು. ಹೋದಾಗ ಕಾಕಾ ಗಾದಿಯ ಮೇಲಿದ್ದರು, ಖಾಜಾಮಿಯಾ ಹೊಸ್ತಿಲ ಹೊರಗೆ ನಿಂತಿದ್ದ. ಚಿತ್ರದಲ್ಲಿರುವುದು ನಡು ಮಧ್ಯಾಹ್ನದ ಬಿಸಿಲು. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಇರುವವನು ಒಬ್ಬನೇ. ದಿನಾ ನಾಯಕರನ್ನು ಬೈಯುವವನೂ ಅವನೇ. ಪೇಟೆ ಆಗಲೇ ತೀರ್ಮಾನ ಮಾಡಿತ್ತು. ಕಾಕಾ ಮಾತ್ರ ಇನ್ನೂ ಮಾಡಿರಲಿಲ್ಲ.

"ಸಾವ್ಕಾರ, ಬೈತೀನಿ, ಖರೇ. ಕಾಕೀ ಅಮ್ಮನ ಹಾರಕ್ಕ ಕೈ ಹಚ್ಚತೀನೇನ್ರಿ ನಾ?" ಖಾಜಾಮಿಯಾನ ದನಿ ಏರಲಿಲ್ಲ. "ಅವತ್ತ ಸರ್ ಬಂದಿದ್ರು. ನಾ ಚಹಾ ತರಲಕ್ಕ ಹೋಗಿದ್ದೆ. ಅಷ್ಟೇ ಹೇಳ್ತೀನಿ. ಮುಂದಿಂದು ಅವರಿಗೇ ಕೇಳ್ರಿ."

ಕಾಕಾ ನನ್ನ ಕಡೆ ತಿರುಗಿದರು. "ತಮ್ಮಾ, ನೀ ಅವತ್ತ ಬಂದಿದ್ದೇನು?"

ಆ ಪ್ರಶ್ನೆಯಲ್ಲಿ ಸಂಶಯ ಇರಲಿಲ್ಲ. ಹೌದು ಎಂದರೆ ಅವರು ನಂಬುತ್ತಿದ್ದರು, ಇಲ್ಲ ಎಂದರೂ ನಂಬುತ್ತಿದ್ದರು. ನಾನು ಆಯ್ದುಕೊಳ್ಳಬಹುದಿತ್ತು.

"ಇಲ್ಲ ಕಾಕಾ. ನಾ ಬಂದೇ ಇಲ್ಲ. ಉಮರ್ಗಾದಾಗ ಇದ್ದೆ."

ಖಾಜಾಮಿಯಾ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ — ಅಳತೆ ತೆಗೆಯುವಾಗ ಮೈಯನ್ನು ನೋಡುತ್ತಾನಲ್ಲ, ಹಾಗೆ. 

ಕಾಕಾ ಅವನ ಕಡೆ ತಿರುಗಿ ಹೇಳಿದರು: "ಹಾರ ಹಾಕಿದ್ದು ಹೋಗ್ಲಿ ಖಾಜಾ. ಚ್ಯಾಷ್ಟಿ ಮಾಡ್ದಿ, ತಡಕೋತಿದ್ದೆ. ನಮ್ಮ ಹುಡುಗನ ಮ್ಯಾಲ ಹಾಕ್ದಿ ನೋಡು… ಮಷೀನ್ ಎತ್ತಕೋ."

ಅವನ ಯಂತ್ರವನ್ನು ಕಟ್ಟೆಯಿಂದ ಇಳಿಸಲು ನಾನು ಕೈ ಹಾಕಿದೆ. ಹೌದು, ಅದನ್ನೂ ಮಾಡಿದೆ. ಯಂತ್ರ ಭಾರವಿತ್ತು, ಇನ್ನೊಂದು ಬದಿ ಹಿಡಿಯುವವರು ಬೇಕಿತ್ತು. ಒಂದು ಬದಿ ಅವನು, ಒಂದು ಬದಿ ನಾನು.

ನಿಲಂಗಾದಲ್ಲಿ ಅವನಿಗೆ ಆಮೇಲೆ ಯಾರೂ ಕಟ್ಟೆ ಕೊಡಲಿಲ್ಲ. ಹೆಂಡತಿಯ ತವರು ಉದಗೀರ, ಅಲ್ಲಿಗೆ ಹೋದ. ಕಾಕಾ ಅವನ ಹೆಸರು ಎತ್ತಲಿಲ್ಲ. ಸುದ್ದಿಪತ್ರಿಕೆ ಬಿಡಿಸಿದವರು ನಡುವಿನ ಹಾಳೆ ತೆಗೆದು ಪಕ್ಕಕ್ಕೆ ಚಾಚಿ, ಯಾರೂ ಇಲ್ಲದ್ದು ಗೊತ್ತಾಗಿ ಮಡಿಲಲ್ಲಿ ಇಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ. ಯಾವ ನಾಯಕರ ಬಗೆಗೂ ಅವರು ಮತ್ತೆ ವಾದ ಮಾಡಲಿಲ್ಲ. ನಾನು ಗೆದ್ದಿದ್ದೆ. ಗೋಡೆಯಲ್ಲಿ ಚಿತ್ರವಿದ್ದ ಜಾಗ ಮಾತ್ರ ಚೌಕಾಕಾರವಾಗಿ ಬೆಳ್ಳಗೆ ಉಳಿಯಿತು. ಬಸವಣ್ಣನ ಮೇಲೂ ಕಾಕಿಯ ಮೇಲೂ ಧೂಳು ಕೂತಿತು.

ನಾನು ಸಭೆಗಳಲ್ಲಿ ಸಾಮರಸ್ಯದ ಬಗ್ಗೆ ಭಾಷಣ ಮಾಡುವವನು. ಸುಳ್ಳು ಸುದ್ದಿಯಿಂದ ಅಮಾಯಕ ಮುಸಲ್ಮಾನನ ಮೇಲೆ ಅಪವಾದ ಹೇಗೆ ಬೀಳುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೇನೆ. ಉದಾಹರಣೆಗಳನ್ನು ದೂರದ ಊರುಗಳಿಂದ ತರುತ್ತಿದ್ದೆ.

ಒಂದು ವಾರದ ಹಿಂದೆ ಹಳೆಯ ಮೊಬೈಲು ಕೈಗೆ ಸಿಕ್ಕಿತು. ಅಂಚು ಕತ್ತರಿಸದ ಮೂಲ ಚಿತ್ರ ಅದರಲ್ಲಿತ್ತು. ದೊಡ್ಡದು ಮಾಡಿ ನೋಡಿದೆ. ನಾಯಕರ ಚೌಕಟ್ಟಿನ ಕೆಳ ಅಂಚಿನಲ್ಲಿ, ಗಾಜಿನೊಳಗೆ, ಒಬ್ಬ ಮನುಷ್ಯ ಮೊಬೈಲು ಎತ್ತಿ ಹಿಡಿದು ನಿಂತಿದ್ದಾನೆ. ಹೆಗಲಿಗೆ ನನ್ನ ಕಾಲೇಜಿನ ಚೀಲ. ಗಾಜು ಅಷ್ಟು ಸ್ವಚ್ಛವಾಗಿತ್ತು. ಬೆಳಿಗ್ಗೆ ಖಾಜಾಮಿಯಾ ಒರೆಸಿದ್ದ.

ನನ್ನ ನೆನಪಿಗೆ ಇನ್ನು ಅಡಗಲು ಜಾಗ ಉಳಿಯಲಿಲ್ಲ. ಕತ್ತರಿಸಿ ತೆಗೆದದ್ದು ಅದೇ ಅಂಚು. ಅಂದರೆ ಅವತ್ತೇ ನೋಡಿದ್ದೆನೋ? ನೋಡಿಯೇ ಕತ್ತರಿಸಿದೆನೋ? ನಿಜವಾಗಿ ಗೊತ್ತಿಲ್ಲ. ನೋಡಿದ್ದೆ ಎಂದೇ ಇಟ್ಟುಕೊಳ್ಳುತ್ತೇನೆ.

ಮರುದಿನ ಉದಗೀರಕ್ಕೆ ಹೋದೆ. ಒಂದು ಓಣಿಯ ಸಣ್ಣ ಕೋಣೆಯಲ್ಲಿ ಅದೇ ಯಂತ್ರ. ಖಾಜಾಮಿಯಾನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಸರ್, ಕೂಡ್ರಿ," ಅಂದ. ಕೂತೆ. ಬಾಯಿ ತೆರೆದೆ — "ಖಾಜಾಭಾಯಿ, ಅವತ್ತ ನಾ…"

ಅವನು ಸೂಜಿಯಿಂದ ಕಣ್ಣು ತೆಗೆಯದೆ ಕೈ ಎತ್ತಿದ. "ನನಗ ಹೇಳಬ್ಯಾಡ್ರಿ ಸರ್. ನನಗ ಗೊತ್ತದಲ್ಲ. ಗೊತ್ತಿಲ್ಲದಾಂವಗ ಹೇಳ್ರಿ." ಆಮೇಲೆ, ಬಟ್ಟೆ ಸರಿಪಡಿಸಿಕೊಳ್ಳುತ್ತ: "ಸಾವ್ಕಾರರ ಮೊಣಕಾಲ ಹ್ಯಾಂಗ ಅದಾವ್ರಿ?"

ಹೇಳಿದೆ. ಮೊಣಕಾಲಿಗಿಂತ ಈಗ ಕಣ್ಣಿನ ಕಷ್ಟ ಹೆಚ್ಚು, ಓದಲು ಬರುವುದಿಲ್ಲ, ನಾನು ಹೋದಾಗ ಪೇಪರು ಓದಿ ಹೇಳಬೇಕು ಎಂದೆ. ಅವನು ತಲೆಯಾಡಿಸಿದ.

"ಚಹಾ ಕುಡೀರಿ," ಅಂದ. ಚಹಾದಂಗಡಿ ಎದುರಿಗೇ, ಹತ್ತು ಹೆಜ್ಜೆ. ಅವನು ಏಳಲಿಲ್ಲ. ಕೂತಲ್ಲಿಂದಲೇ ಕೂಗಿ ಹೇಳಿದ: "ದೋ ಚಾಯ್! ಏಕ್ ಶಕ್ಕರ್ ಕಮ್!" ಚಹಾ ಬರುವವರೆಗೂ ಕೋಣೆಯಲ್ಲೇ ಇದ್ದ, ನನ್ನ ಎದುರಿಗೆ.

ಅವಮಾನ ಮಾಡಬೇಕೆಂದು ಅಲ್ಲ. ಆ ಸ್ವಭಾವ ಅವನದಲ್ಲ. ಬರೀ, ನನ್ನನ್ನು ಒಬ್ಬನನ್ನೇ ಬಿಟ್ಟು ಹೋಗಲಿಲ್ಲ, ಅಷ್ಟೆ. ಸಕ್ಕರೆ ಕಡಿಮೆ ಎಂಬುದನ್ನು ಅವನು ಮರೆತಿರಲಿಲ್ಲ.

ಉದಗೀರದಿಂದ ನಿಲಂಗಾ ಏನು ದೂರ? ಆ ದಿನವೇ ಹೋಗಬಹುದಿತ್ತು. ಹೋಗಲಿಲ್ಲ. ಆರು ದಿನವಾಯಿತು. ಚಿತ್ರ ತೋರಿಸಿ ಸುಮ್ಮನೆ ನಿಲ್ಲೋಣವೆಂದರೆ ಕಾಕಾನಿಗೆ ಕಾಣಿಸದು. ಕಾಗದ ಕೊಟ್ಟು ಬರೋಣವೆಂದರೆ ಓದಲಾಗದು. ಯಾರಾದರೂ ಓದಿ ಹೇಳಬೇಕು, ಹಾಗೆ ಓದಿ ಹೇಳುವವನು ನಾನೇ.

ಆದ್ದರಿಂದ ಇದನ್ನು ಬರೆದೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಕಾಕಾ ಊಟಕ್ಕೆ ಏಳುವ ಮೊದಲು ಅಂಗಡಿ ಮುಟ್ಟಬೇಕು. ಪೇಪರು ತಂದಿಯೇನು ತಮ್ಮಾ ಎಂದು ಕೇಳುತ್ತಾರೆ. ಗಾದಿಯ ಪಕ್ಕ, ಆ ಬಿಳಿಯ ಚೌಕದ ಕೆಳಗೆ ಕೂತು, ಈ ಹಾಳೆಗಳನ್ನು ಬಿಡಿಸಿ, ಮೊದಲನೆಯ ವಾಕ್ಯದಿಂದಲೇ ಓದುತ್ತೇನೆ. ನನ್ನದೇ ದನಿಯಲ್ಲಿ.