ಜಿ ಅಕ್ಷರದ ಡಿಸ್ಕು

ಸಾಯುವ ಹಿಂದಿನ ದಿನವೂ ನನ್ನ ಗಂಡ ಲುಬೊವಾ ಕಂಪಾಲಾದ ನಮ್ಮ ವಿಡಿಯೊ ಹಾಲಿನಲ್ಲಿ ಮೈಕು ಹಿಡಿದು ಚೀನೀ ಸಿನಿಮಾಕ್ಕೆ ನಮ್ಮ ಲುಗಾಂಡಾ ಭಾಷೆಯಲ್ಲಿ ಮಾತು ಹೇಳಿದ. ತೆರೆಯ ಮೇಲಿನ ಮುದುಕಿಯ ಬಾಯಿಗೆ ನನ್ನ ಬೈಗುಳ ಹಾಕಿದ. ಜನ ಬಿದ್ದು ಬಿದ್ದು ನಕ್ಕರು.

"ನನ್ನ ಬಾಯೂ ಕದೀತೀಯಲ್ಲ, ನಾಚ್ಕೆ ಇಲ್ವಾ?" ಎಂದೆ.

"ಆ ಮುದುಕಿಗಿಂತ ನೀನೇ ಚೆನ್ನಾಗಿ ಬೈತೀಯ ಕಣೇ."

ಮರುದಿನ ಅವನು ಹತ್ತಿದ್ದ ಬಾಡಿಗೆ ಬೈಕಿಗೆ ಲಾರಿ ಗುದ್ದಿತು.

ಹನ್ನೆರಡು ವರ್ಷ ಅವನು ಮಾತು ಹೇಳಿದ ಸಿನಿಮಾಗಳೆಲ್ಲ ಅವನ ದನಿ ಸಮೇತ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಅದು ಕೆಟ್ಟರೆ ಅವನ ದನಿಯೂ ಹೋಗುತ್ತದೆಂದು ಹೆದರಿ ಅಂಥದ್ದೇ ಹೊಸದು ತಂದೆ. ಕಂಪ್ಯೂಟರ್ ರಿಪೇರಿಯ ವಾಸ್ವಾ ಫೋನಿನಲ್ಲಿ ಹೇಳಿಕೊಟ್ಟ.

"ಅಕ್ಕಾ, ಎರಡೂ ಡಿಸ್ಕು ಕಂಪ್ಯೂಟರಿಗೆ ಚುಚ್ಚಿ. ಜಿ ಅಂತ ತೋರ್ಸೋದು ಅಣ್ಣಂದು. ಎಚ್ ಹೊಸದು. ಎಚ್ ಪೂರ್ತಿ ಅಳ್ಸಿ, ಆಮೇಲೆ ಜಿಯಿಂದ ಅದಕ್ಕೆ ತುಂಬಿ."

ನಾನು ಎಚ್ ಅಳಿಸಲು ಹಚ್ಚಿ, ಬಾಳೆಕಾಯಿ ಸುಲಿಯುತ್ತ ಮೂರು ಗಂಟೆ ಕಾದೆ. ಆಮೇಲೆ ಜಿ ತೆರೆದರೆ ಅದೂ ಖಾಲಿ.

ವಾಸ್ವಾ ಓಡಿ ಬಂದ. "ಯಾವುದನ್ನ ಮೊದ್ಲು ಚುಚ್ಚಿದ್ರಿ ಅಕ್ಕಾ?"

"ಹೊಸದನ್ನ."

ಅವನು ತಲೆ ತಗ್ಗಿಸಿದ. ಮೊದಲು ಚುಚ್ಚಿದ ಹೊಸದಕ್ಕೆ ಕಂಪ್ಯೂಟರು ಜಿ ಅಕ್ಷರ ಕೊಟ್ಟುಬಿಟ್ಟಿತ್ತು. ಎಚ್ ಆಗಿದ್ದದ್ದು ಲುಬೊವಾನ ಡಿಸ್ಕು. ನನ್ನ ಕೈಯಾರೆ ಅಳಿಸಿದ್ದೆ.

"ಸ್ವಲ್ಪನೂ ಸಿಗಲ್ವೇನೋ?"

"ಪೂರ್ತಿ ಅಳ್ಸಿದೀರಿ ಅಕ್ಕಾ. ನಾನೇ ಬಂದು ಮಾಡ್ಬೇಕಿತ್ತು."

ಲುಬೊವಾನ ಆ ಡಿಸ್ಕಿಗೆ ಜಿ ಅಕ್ಷರವನ್ನು ಕಾಯಂ ಮಾಡಿ ಹೋದ. ಈಗ ಅದರ ತುಂಬ ಬೇರೆಯವರು ಮಾತು ಹೇಳಿದ ಸಿನಿಮಾಗಳಿವೆ. ಆದರೂ ದಿನಾ ಬೆಳಿಗ್ಗೆ ವಿಡಿಯೊ ಹಾಲ್ ಗುಡಿಸಿದ ಮೇಲೆ ಮೊದಲು ಅದೊಂದನ್ನೇ ಚುಚ್ಚುತ್ತೇನೆ. ಜಿ ಎಂದು ಬಂದಿದೆಯೇ ನೋಡಿಕೊಂಡು, ಆಮೇಲೆ ಇನ್ನೊಂದು ಡಿಸ್ಕನ್ನು ಮುಟ್ಟುತ್ತೇನೆ.